ಪರೀಕ್ಷೆ ಮೇಷ್ಟ್ರಿಗೆ ಮಾತ್ರವಾ? ಶಿಕ್ಷಣ ಸಚಿವರಿಗೂ ಮುಂಬೈ ನಗರಸೇವಕರಿಗೂ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಮಾನ್ಯ ಶಾಲಾ ಶಿಕ್ಷಣ ಸಚಿವರೇ, 2026ರ ಜನವರಿಯಲ್ಲಿ ಆರಿಸಿಬಂದ ಮುಂಬೈ ಪಾಲಿಕೆಯ 227 ನಗರಸೇವಕರೇ,

ನಮಸ್ಕಾರ. ಈ ಪತ್ರದ ಮರಾಠಿ ಪ್ರತಿ ನಿಮ್ಮ ಕಚೇರಿಗಳಿಗೆ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮವರು ಓದಲಿ ಅಂತ. ಭಾಂಡುಪ್, ಘಾಟ್ಕೋಪರ್, ಕುರ್ಲಾ, ಧಾರಾವಿ, ವಡಾಳಾ, ಗೋರೆಗಾಂವ್, ಎಲ್ಲ ಕಡೆ ಕನ್ನಡದವರ ವೋಟುಗಳಿವೆ. ಜನವರಿ 15ರ ಚುನಾವಣೆಗೆ ಮುಂಚೆ ನಮ್ಮ ಸೊಸೈಟಿಗೆ ಬಂದ ಅಭ್ಯರ್ಥಿಗಳು ನೀರಿನ ಬಗ್ಗೆ ಮಾತಾಡಿದರು, ಗಟಾರದ ಬಗ್ಗೆ ಮಾತಾಡಿದರು, ರೀಡೆವಲಪ್‌ಮೆಂಟ್ ಬಗ್ಗೆಯಂತೂ ಸಿಕ್ಕಾಪಟ್ಟೆ ಮಾತಾಡಿದರು. ಪಾಲಿಕೆಯ ಶಾಲೆಗಳ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅದಕ್ಕೇ ಈ ಪತ್ರ.

ನಾನು ಮೇಷ್ಟ್ರಲ್ಲ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ನನ್ನ ಅಕ್ಕ ಇವತ್ತಿಗೂ ಅಂಥದ್ದೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಯಾವ ಶಾಲೆ, ಯಾವ ವಾರ್ಡು ಅಂತ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ಅವಳ ಟೇಬಲ್ ಮೇಲೆ ಮೆಮೊ ಇರುತ್ತದೆ. ಸರ್ಕಾರಿ ಶಿಕ್ಷಕರು ಬಾಯಿ ಬಿಡುವುದಕ್ಕೆ ಎಷ್ಟು ಹೆದರುತ್ತಾರೆ ಅನ್ನುವುದು ನಿಮಗೆ ಗೊತ್ತಿರುವ ವಿಷಯವೇ.

ನೇರ ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ತರಗತಿಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಬಾಕಿ ಇರುವ ಶಿಕ್ಷಕರೆಲ್ಲ ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸು ಮಾಡಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಕೋರ್ಟಿನ ಮುಂದಿದ್ದ ಪ್ರಕರಣಗಳಲ್ಲಿ ಒಂದು ನಮ್ಮ ಮಹಾರಾಷ್ಟ್ರದ್ದೇ.

ಅಕ್ಕ 2004ರಲ್ಲಿ ಕೆಲಸಕ್ಕೆ ಸೇರಿದವಳು. ಆಗ ಟಿಇಟಿ ಅನ್ನುವ ಪರೀಕ್ಷೆಯೇ ಇರಲಿಲ್ಲ. ಸರ್ಕಾರ ಕೇಳಿದ ಡಿ.ಎಡ್ ಮಾಡಿದ್ದಳು, ಸರ್ಕಾರ ಹೇಳಿದ ರೀತಿಯಲ್ಲೇ ಆಯ್ಕೆಯಾದಳು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಟಿಇಟಿ ಕಡ್ಡಾಯ ಅನ್ನುವ ಅಧಿಸೂಚನೆ ಹೊರಬಿದ್ದದ್ದು ಅದೇ ವರ್ಷ ಆಗಸ್ಟ್ 23ಕ್ಕೆ. ಅದಕ್ಕೆ ಮುಂಚೆ ನಿಯಮದ ಪ್ರಕಾರ ಸೇರಿದವರಿಗೆ ಇದು ಬೇಡ ಅಂತ ಆ ಅಧಿಸೂಚನೆಯಲ್ಲೇ ಇತ್ತು. ಇಷ್ಟು ವರ್ಷ ಅದನ್ನು ನಂಬಿಕೊಂಡು ಕೂತವರಿಗೆ ಈಗ ಕೈಗೆ ಗಡುವು ಬಂದಿದೆ.

ತೀರ್ಪು ತಪ್ಪು ಅಂತ ವಾದ ಮಾಡಲು ನಾನು ವಕೀಲನಲ್ಲ. ಶಿಕ್ಷಕರನ್ನು ಪರೀಕ್ಷೆ ಮಾಡಲೇಬಾರದು ಅಂತಲೂ ನಾನು ಹೇಳುವುದಿಲ್ಲ. ಪಾಠ ಮಾಡಲು ಬಾರದ ಒಬ್ಬಿಬ್ಬರು ಮೇಷ್ಟ್ರ ಕೈಗೆ ನಾನೂ ಸಿಕ್ಕಿದ್ದೇನೆ. ನನ್ನ ತಕರಾರು ಬೇರೆ. ಟಿಇಟಿಗೆ ಆಧಾರವಾದದ್ದು ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಂ. ಅದೇ ಪುಸ್ತಕದಲ್ಲಿ ಮುಂದಿನ ಪುಟ ತಿರುವಿ ನೋಡಿ. 25ನೇ ಕಲಂ ಶಾಲೆಗೆ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಅನ್ನುವುದನ್ನು ಪಾಲಿಸಲೇಬೇಕು ಅನ್ನುತ್ತದೆ. 26ನೇ ಕಲಂ ಒಂದು ಶಾಲೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಖಾಲಿ ಇರಬಾರದು ಅನ್ನುತ್ತದೆ. 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರು ಬಿಟ್ಟು ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಎಳೆಯಬಾರದು ಅನ್ನುತ್ತದೆ. 23 ಶಿಕ್ಷಕರ ತಲೆಯ ಮೇಲಿರುವ ಹೊರೆ. 25, 26, 27 ಸರ್ಕಾರದ ತಲೆಯ ಮೇಲಿರುವ ಹೊರೆ. ಮೊದಲನೆಯದಕ್ಕೆ ತಾರೀಖು ಹಾಕಿ ಕೆಲಸ ಕಿತ್ತುಕೊಳ್ಳುವ ಬೆದರಿಕೆ ಇದೆ. ಉಳಿದ ಮೂರಕ್ಕೆ ಅಂಥ ಯಾವ ಬೆದರಿಕೆಯೂ ಇಲ್ಲ. ಹುದ್ದೆ ಖಾಲಿ ಬಿಟ್ಟದ್ದಕ್ಕೆ ಯಾವ ಅಧಿಕಾರಿ ಮನೆಗೆ ಹೋಗಿದ್ದಾನೆ, ಯಾವ ಮಂತ್ರಿ ಕುರ್ಚಿ ಬಿಟ್ಟಿದ್ದಾರೆ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುವುದು ಇದಕ್ಕೇ ಅಲ್ವಾ?

ಈಗ ಆ ಎರಡು ವರ್ಷದ ಕ್ಯಾಲೆಂಡರನ್ನೇ ಸ್ವಲ್ಪ ನೋಡೋಣ. ತೀರ್ಪು ಬಂದದ್ದು ಸೆಪ್ಟೆಂಬರ್‌ನಲ್ಲಿ. ಮಹಾರಾಷ್ಟ್ರದ ಟಿಇಟಿ ನಡೆದದ್ದು ನವೆಂಬರ್ 23ಕ್ಕೆ. ಡಿಸೆಂಬರ್ 2ಕ್ಕೆ ನಗರ ಪರಿಷತ್ತುಗಳ ಚುನಾವಣೆ. ಜನವರಿ 15ಕ್ಕೆ ಮುಂಬೈ ಸೇರಿ ಮಹಾನಗರ ಪಾಲಿಕೆಗಳದ್ದು. ಫೆಬ್ರವರಿಯಲ್ಲಿ ಒಂದಷ್ಟು ಜಿಲ್ಲಾ ಪರಿಷತ್ತುಗಳದ್ದು. ಎಲ್ಲದಕ್ಕೂ ಬೂತ್‌ನಲ್ಲಿ ಕೂರುವವರು ಯಾರು? ತರಬೇತಿಗೆ ಹೋಗುವವರು ಯಾರು? 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಜನಗಣತಿಯ ಮನೆಪಟ್ಟಿ ಕೆಲಸ, 2027ರ ಫೆಬ್ರವರಿಯಲ್ಲಿ ತಲೆ ಎಣಿಸುವ ಕೆಲಸ. ಅದಕ್ಕೂ ಮನೆಮನೆ ಹತ್ತಿ ಇಳಿಯುವವರಲ್ಲಿ ಜಾಸ್ತಿ ಜನ ಶಿಕ್ಷಕರೇ. ಇವು ಕಾನೂನು ಒಪ್ಪಿದ ಕೆಲಸಗಳು, ಅದರಲ್ಲಿ ಜಗಳವಿಲ್ಲ. ಆದರೆ ಇದೆಲ್ಲ ಮುಗಿದು ಆರು ತಿಂಗಳಿಗೆ, 2027ರ ಆಗಸ್ಟ್ ಕೊನೆಗೆ, ಟಿಇಟಿ ಗಡುವು ಮುಗಿಯುತ್ತದೆ. ದೇಶದ ಲೆಕ್ಕ ಬರೆದುಕೊಟ್ಟು, ನಿಮ್ಮ ವೋಟು ಎಣಿಸಿಕೊಟ್ಟು, ನಡುವೆ ಪಾಠವನ್ನೂ ಮಾಡಿ, ರಾತ್ರಿ ಹತ್ತರ ಮೇಲೆ ಅಕ್ಕ ಶಿಶು ಮನೋವಿಜ್ಞಾನದ ಗೈಡ್ ತೆರೆಯುತ್ತಾಳೆ. 150 ಪ್ರಶ್ನೆ, 150 ನಿಮಿಷ, ಪಾಸಾಗಲು ಶೇ. 60 ಅಂಕ. ಓದಿದ್ದು ತಲೆಗೆ ಹೋಗುವುದಿಲ್ಲ ಅಂತ ಅವಳು ನಗುತ್ತಾಳೆ. ಪಕ್ಕದಲ್ಲಿ ಅವಳ ಮಗಳು ಕಾಲೇಜಿನ ಪರೀಕ್ಷೆಗೆ ಓದುತ್ತಿರುತ್ತಾಳೆ.

27ನೇ ಕಲಂ ಒಪ್ಪದ ಕೆಲಸಗಳ ಕಥೆ ಇನ್ನೊಂದು. 2024ರ ಜನವರಿಯಲ್ಲಿ ಮರಾಠಾ ಮೀಸಲಾತಿಗಾಗಿ ಮನೆಮನೆ ಸಮೀಕ್ಷೆ ಆಯಿತು. ಅದು ಜನಗಣತಿಯಲ್ಲ, ಚುನಾವಣೆಯಲ್ಲ, ವಿಪತ್ತಂತೂ ಅಲ್ಲ. ಆದರೂ ಪಾಲಿಕೆ ಶಿಕ್ಷಕರು ಮೊಬೈಲ್ ಹಿಡಿದು ಬಾಗಿಲು ಬಾಗಿಲಿಗೆ ಹೋದರು. ಅದು ಮುಗಿಯುತ್ತಿದ್ದಂತೆ ಲೋಕಸಭೆ ಚುನಾವಣೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಡ್ಯೂಟಿ ಅಂತ ಶಾಲೆಗಳಿಗೆ ಪಟ್ಟಿ ಬಂತು. ಫೆಬ್ರವರಿ ಅಂದರೆ ಪರೀಕ್ಷೆಗೆ ತಯಾರಿ ಮಾಡಿಸುವ ತಿಂಗಳು. ಮತದಾರರ ಪಟ್ಟಿಯ ಕೆಲಸಕ್ಕೆ ಶಿಕ್ಷಕರನ್ನು ರಜಾದಿನ ಮತ್ತು ಪಾಠವಿಲ್ಲದ ಹೊತ್ತಲ್ಲಿ ಮಾತ್ರ ಬಳಸಬೇಕು ಅಂತ ಸುಪ್ರೀಂ ಕೋರ್ಟೇ 2007ರ ಡಿಸೆಂಬರ್‌ನಲ್ಲಿ ಹೇಳಿದೆ. ಅದೂ ಸುಪ್ರೀಂ ಕೋರ್ಟಿನ ಆದೇಶವೇ. 2025ರದ್ದು ನೆನಪಿರುವವರಿಗೆ 2007ರದ್ದು ಮರೆತು ಹೋಗುತ್ತದೆ, ಏನು ಮಾಡೋಣ!

ಸಚಿವರೇ, ನಿಮಗೆ ಇನ್ನೊಂದು ಸಂಗತಿ ಹತ್ತಿರದಿಂದ ತೋರಿಸಬೇಕು. ಅದು ಆಧಾರ್ ಕಥೆ.

ಮುಂಬೈಯ ಕನ್ನಡ ಶಾಲೆಗಳಲ್ಲಿ ಈಗ ಯಾರ ಮಕ್ಕಳಿದ್ದಾರೆ ಗೊತ್ತಾ? ಹೋಟೆಲಿನವರ ಮಕ್ಕಳು, ಬ್ಯಾಂಕಿನವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಎಷ್ಟೋ ಕಾಲವಾಯಿತು. ಅಕ್ಕನ ತರಗತಿಯಲ್ಲಿ ಇರುವುದು ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು. ಅಪ್ಪ ಕಟ್ಟಡದ ಕೆಲಸಕ್ಕೆ, ಅಮ್ಮ ನಾಕಾದಲ್ಲಿ ನಿಂತು ಕೂಲಿಗೆ. ಊರಲ್ಲಿ ಜಾತ್ರೆ ಬಂದರೆ, ತೊಗರಿ ರಾಶಿ ಬಂದರೆ ಮಕ್ಕಳ ಸಮೇತ ಹೋಗಿಬಿಡುತ್ತಾರೆ. ತಿಂಗಳು ಬಿಟ್ಟು ವಾಪಸ್ ಬರುತ್ತಾರೆ, ಕೆಲವರು ಬರುವುದೇ ಇಲ್ಲ.

ಈ ಮಕ್ಕಳನ್ನು ಶಿಕ್ಷಣ ಇಲಾಖೆಯ ಪೋರ್ಟಲ್‌ಗೆ ಹತ್ತಿಸಬೇಕು. ಪೋರ್ಟಲ್‌ನಲ್ಲಿ ಮೂರು ಖಾನೆ: ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರೇ ಇರುವುದಿಲ್ಲ. ಇದ್ದರೂ ಅಪ್ಪನದ್ದರಲ್ಲಿ ಒಂದು ರೀತಿ, ಮಗುವಿನದ್ದರಲ್ಲಿ ಇನ್ನೊಂದು ರೀತಿ. ಹುಟ್ಟಿದ ತಾರೀಖು ಜೂನ್ 1 ಅಂತ ಯಾರೋ ಬರೆಸಿರುತ್ತಾರೆ, ಜನನ ಪತ್ರದಲ್ಲಿ ಬೇರೆ ಇರುತ್ತದೆ. ತಾಳೆಯಾಗಲಿಲ್ಲ ಅಂದರೆ ಪೋರ್ಟಲ್ ಕೆಂಪು ಅಕ್ಷರ ತೋರಿಸುತ್ತದೆ. ತಿದ್ದಿಸೋಣ ಅಂದರೆ ಆಧಾರ್ ಕೇಂದ್ರಕ್ಕೆ ಅಪ್ಪ ಮಗು ಇಬ್ಬರೂ ಹೋಗಬೇಕು. ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಅಪ್ಪ ಹೋಗುವುದಿಲ್ಲ. ಒಂದು ಸಲ ಅಕ್ಕನೇ ಮಗುವನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತಳು. ಪಾಲಕರು ಬರಬೇಕು ಅಂತ ವಾಪಸ್ ಕಳಿಸಿದರು. ಅಷ್ಟು ಹೊತ್ತು ಅವಳ ತರಗತಿಯನ್ನು ಪಕ್ಕದ ತರಗತಿಯ ಟೀಚರ್ ಬಾಗಿಲಲ್ಲಿ ನಿಂತು ನೋಡಿಕೊಂಡರು.

ಇಷ್ಟೆಲ್ಲ ಯಾಕೆ? ಯಾಕೆಂದರೆ ರಾಜ್ಯದಲ್ಲಿ ಶಾಲೆಗಳಿಗೆ ಶಿಕ್ಷಕ ಹುದ್ದೆ ಮಂಜೂರು ಮಾಡುವಾಗ, ನೀವು ಸಂಚ ಮಾನ್ಯತಾ ಅನ್ನುತ್ತೀರಲ್ಲ ಅದರಲ್ಲಿ, ಆಧಾರ್ ತಾಳೆಯಾದ ಮಗುವಿಗೆ ಮಾತ್ರ ಲೆಕ್ಕ. ಬೆಂಚಿನ ಮೇಲೆ ಕೂತು ಮಗ್ಗಿ ಹೇಳುತ್ತಿರುವ ಮಗು ಲೆಕ್ಕದಲ್ಲಿಲ್ಲ. ಮಕ್ಕಳು ಲೆಕ್ಕದಲ್ಲಿ ಕಡಿಮೆಯಾದರೆ ಶಿಕ್ಷಕರು 'ಅತಿರಿಕ್ತ', ಅಂದರೆ ಹೆಚ್ಚುವರಿ. ಅತಿರಿಕ್ತ ಆದವರಿಗೆ ಎತ್ತಂಗಡಿ. ಕನ್ನಡ ಶಿಕ್ಷಕಿಯನ್ನು ಎಲ್ಲಿಗೆ ಎತ್ತಂಗಡಿ ಮಾಡುತ್ತೀರಿ ಹೇಳಿ? ಮುಂಬೈಯಲ್ಲಿ ಕನ್ನಡ ಶಾಲೆಗಳು ಉಳಿದಿರುವುದೇ ಬೆರಳೆಣಿಕೆಯಷ್ಟು.

ಇದರ ಮೇಲೆ 2024ರ ಮಾರ್ಚ್ 15ರ ನಿಮ್ಮ ಜಿಆರ್, ಅಂದರೆ ಸರ್ಕಾರಿ ಆದೇಶ. ಆರರಿಂದ ಎಂಟನೇ ತರಗತಿವರೆಗೆ 20ಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಲ್ಲಿಗೆ ಕಾಯಂ ಶಿಕ್ಷಕ ಹುದ್ದೆಯೇ ಇಲ್ಲ ಅನ್ನುವ ಲೆಕ್ಕ ಅದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಏನಿದೆ? ಆರರಿಂದ ಎಂಟರವರೆಗೆ ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕ, ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು. ಒಂದರಿಂದ ಐದರವರೆಗೆ 60 ಮಕ್ಕಳವರೆಗೂ ಇಬ್ಬರು. ಹತ್ತೇ ಮಕ್ಕಳಿದ್ದರೂ ಇಬ್ಬರು. ಅದೇ ಕಾಯ್ದೆಯ 29ನೇ ಕಲಂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಪಾಠ ಇರಬೇಕು ಅನ್ನುತ್ತದೆ. ಸಾಧ್ಯವಾದಷ್ಟು ಅನ್ನುವ ಪದ ಇದೆ, ಒಪ್ಪಿದೆ. ಆದರೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತಿರುವ ಪಾಲಿಕೆ ಇದು. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. 2025-26ರ ಬಜೆಟ್ 74 ಸಾವಿರ ಕೋಟಿ ದಾಟಿತ್ತು. ಇವರಿಗೆ ಸಾಧ್ಯವಾಗದಿದ್ದರೆ ಇನ್ಯಾರಿಗೆ ಸಾಧ್ಯ?

ಮಕ್ಕಳೇ ಬರುವುದಿಲ್ಲ, ನಾವೇನು ಮಾಡೋಣ ಅಂತ ಅಧಿಕಾರಿಗಳು ಕೈ ತೊಳೆದುಕೊಳ್ಳುತ್ತಾರೆ. ಸ್ವಲ್ಪ ನಿಧಾನಿಸಿ. ಮೊದಲು ಏನಾಯಿತು? ಒಬ್ಬ ಮೇಷ್ಟ್ರು ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ. 2012ರ ಮೇ 2ರಂದು ರಾಜ್ಯ ಸರ್ಕಾರ ಶಿಕ್ಷಕರ ನೇಮಕಾತಿಗೇ ತಡೆ ಹಾಕಿತು. ಪವಿತ್ರ ಪೋರ್ಟಲ್ ಅಂತ ಆಮೇಲೆ ಶುರು ಮಾಡಿದರೂ ನೇಮಕಾತಿ ಆಮೆ ನಡಿಗೆಯಲ್ಲೇ ನಡೆಯಿತು. ಮೂರು ತರಗತಿ ಒಬ್ಬರ ಮೇಲೆ ಬಿತ್ತು. ಆ ಒಬ್ಬರೂ ಚುನಾವಣೆ ಡ್ಯೂಟಿಗೆ ಹೋದ ದಿನ ಮಕ್ಕಳು ಸುಮ್ನೆ ಕೂತು ಎದ್ದು ಬಂದರು. ಕೂಲಿ ಮಾಡುವ ತಾಯಿಗೂ ಕಣ್ಣಿದೆ. ಅವಳು ಸಾಲ ಮಾಡಿಯಾದರೂ ಪಕ್ಕದ ಗಲ್ಲಿಯ ಖಾಸಗಿ ಇಂಗ್ಲಿಷ್ ಶಾಲೆಗೆ ಹಾಕಿದಳು. ಆಮೇಲೆ ನೀವು ಬಂದು ಎಣಿಸಿದಿರಿ, ಮಕ್ಕಳಿಲ್ಲ, ಹುದ್ದೆ ಬೇಡ ಅಂದಿರಿ. ಇದು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಗಿಡದ ಮೇಲೇ ವರದಿ ಬರೆದ ಹಾಗಾಯಿತು.

ಇದು ಬರೀ ಕನ್ನಡದವರ ಅಳಲು ಅಂದುಕೊಳ್ಳಬೇಡಿ. ಮರಾಠಿ ಶಾಲೆಗಳ ಪಾಡು ಇದಕ್ಕಿಂತ ಬೇರೆಯಲ್ಲ. ನೆನಪಿದೆಯಾ, 2025ರ ಏಪ್ರಿಲ್ 16ಕ್ಕೆ ಒಂದನೇ ತರಗತಿಯಿಂದ ಹಿಂದಿ ಅಂತ ಜಿಆರ್ ಹೊರಡಿಸಿದಿರಿ. ಜೂನ್ 17ಕ್ಕೆ ತಿದ್ದಿದಿರಿ. ಜೂನ್ 29ಕ್ಕೆ ಎರಡನ್ನೂ ವಾಪಸ್ ಪಡೆದಿರಿ. ಜುಲೈ 5ಕ್ಕೆ ವರ್ಲಿಯಲ್ಲಿ ಠಾಕ್ರೆ ಸೋದರರ ವಿಜಯೋತ್ಸವ, ಕಾಲಿಡಲು ಜಾಗವಿಲ್ಲ. ಟಿವಿಯಲ್ಲಿ ಮೂರು ದಿನ ಅದೇ ಸುದ್ದಿ. ಸರಿ, ಭಾಷೆಯ ಮೇಲಿನ ಪ್ರೀತಿ ಒಳ್ಳೆಯದೇ, ನಮಗೂ ಅರ್ಥವಾಗುತ್ತದೆ. ಅದೇ ವಾರ, ಜುಲೈ 8 ಮತ್ತು 9ಕ್ಕೆ, ಆಜಾದ್ ಮೈದಾನದ ಕೆಸರಿನಲ್ಲಿ ಸಾವಿರಾರು ಶಿಕ್ಷಕರು ಕೂತಿದ್ದರು. ಅದೇ ಮರಾಠಿಯನ್ನು ಹಳ್ಳಿ ಹಳ್ಳಿಯಲ್ಲಿ ಕಲಿಸುವವರು. ಶೇ. 20, ಶೇ. 40, ಶೇ. 60 ಅಂತ ಕಂತು ಕಂತಾಗಿ ಅನುದಾನ ಬರುವ ಶಾಲೆಗಳವರು. ಅನುದಾನವೇ ಬಾರದ ಕಾಲದಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ಪಾಠ ಮಾಡಿದವರು.

ಅವರು ಹೊಸದೇನನ್ನೂ ಕೇಳಿರಲಿಲ್ಲ. ಅನುದಾನದ ಮುಂದಿನ ಕಂತು ಕೊಡುತ್ತೇವೆ ಅಂತ ಸರ್ಕಾರವೇ 2024ರ ಅಕ್ಟೋಬರ್ 14ಕ್ಕೆ ಜಿಆರ್ ಹೊರಡಿಸಿತ್ತು. ಮರುದಿನ, ಅಕ್ಟೋಬರ್ 15ಕ್ಕೆ, ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ನವೆಂಬರ್ 20ಕ್ಕೆ ಮತದಾನವೂ ಮುಗಿಯಿತು. ಮುಂದಿನ ಜುಲೈ ಬಂದರೂ ಜಿಆರ್‌ನಲ್ಲಿ ಬರೆದ ದುಡ್ಡಿಗೆ ಬಜೆಟ್‌ನಲ್ಲಿ ಜಾಗ ಸಿಕ್ಕಿರಲಿಲ್ಲ. ಇದಕ್ಕಿಂತ ಜಾಸ್ತಿ ನಾನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ದೊಡ್ಡ ನಾಯಕರು ಮೈದಾನಕ್ಕೆ ಬಂದರು, ಮಳೆಯಲ್ಲಿ ನಿಂತರು, ಫೋಟೊ ಆಯಿತು. ಸರ್ಕಾರದ ಕಡೆಯಿಂದ ಭರವಸೆಯೂ ಬಂತು. ಶಿಕ್ಷಕರು ಭರವಸೆಯ ಮೇಲೆ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ ಬಿಡಿ.

ಸಂಬಳದ ಮಾತು ಬಂತಲ್ಲ. 2000ನೇ ಇಸವಿಯಿಂದ ನಿಮ್ಮಲ್ಲಿ ಶಿಕ್ಷಣ ಸೇವಕ ಅನ್ನುವ ಪದ್ಧತಿ ಇದೆ. ಆಯ್ಕೆಯಾಗಿ ಬಂದ ಪೂರ್ತಿ ಅರ್ಹತೆಯ ಶಿಕ್ಷಕರಿಗೆ ಮೊದಲ ಮೂರು ವರ್ಷ ಸಂಬಳವಿಲ್ಲ, ಮಾನಧನ. ಪ್ರಾಥಮಿಕ ಶಾಲೆಯಲ್ಲಿ ಅದು ವರ್ಷಾನುಗಟ್ಟಲೆ ತಿಂಗಳಿಗೆ 6,000 ರೂಪಾಯಿಯಲ್ಲೇ ನಿಂತಿತ್ತು. ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ 2023ರ ಜನವರಿಯಿಂದ 16,000 ಆಯಿತು. ಮುಂಬೈಯಲ್ಲಿ 16,000 ರೂಪಾಯಿಗೆ ಏನು ಬರುತ್ತದೆ? ಒಂದು ಖೋಲಿಯ ಬಾಡಿಗೆ ಕಟ್ಟಿ ಲೋಕಲ್ ಪಾಸ್ ತೆಗೆದರೆ ಉಳಿಯುವುದು ವಡಾಪಾವ್. ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ ಕಡೆಯ ಹುಡುಗರು ಕನ್ನಡ ಡಿ.ಎಡ್ ಮುಗಿಸಿ ಇಲ್ಲಿಗೆ ಬರಲು ಹಿಂಜರಿಯುತ್ತಾರೆ ಅಂದರೆ ಅವರದ್ದೇನು ತಪ್ಪು? 2024ರ ಸೆಪ್ಟೆಂಬರ್ 5ಕ್ಕೆ, ಸರಿಯಾಗಿ ಶಿಕ್ಷಕರ ದಿನವೇ ನೋಡಿಕೊಂಡು, ಚಿಕ್ಕ ಶಾಲೆಗಳಿಗೆ ತಿಂಗಳಿಗೆ 15,000ದ ಗುತ್ತಿಗೆ ಶಿಕ್ಷಕರನ್ನು ಹಾಕುವ ಜಿಆರ್ ಹೊರಡಿಸಿದಿರಿ. ಆ ದಿನವನ್ನು ಯಾರು ಆರಿಸಿದರು ಅನ್ನುವ ಕುತೂಹಲ ನನಗೆ ಈಗಲೂ ಇದೆ. ಇನ್ನು 2005ರ ನವೆಂಬರ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿಯೂ ಇಲ್ಲ. 2023ರ ಮಾರ್ಚ್ ಮುಷ್ಕರ ನೀವು ಮರೆತಿರಲಾರಿರಿ.

ಹೋಗಲಿ, ಪರೀಕ್ಷೆ ನಡೆಸುವವರಾದರೂ ಶುದ್ಧ ಹಸ್ತರಾ? 2021ರ ಡಿಸೆಂಬರ್‌ನಲ್ಲಿ ಪುಣೆ ಪೊಲೀಸರು ಟಿಇಟಿ ಹಗರಣದಲ್ಲಿ ಬಂಧಿಸಿದ್ದು ಪರೀಕ್ಷಾ ಪರಿಷತ್ತಿನ ಆಯುಕ್ತರನ್ನೇ. ದುಡ್ಡು ಕೊಟ್ಟು ಪಾಸಾದವರು ಅಂತ 2022ರಲ್ಲಿ 7,800ಕ್ಕೂ ಜಾಸ್ತಿ ಅಭ್ಯರ್ಥಿಗಳನ್ನು ಹೊರಹಾಕಲಾಯಿತು. 2025ರ ನವೆಂಬರ್ ಪರೀಕ್ಷೆಯ ಹೊತ್ತಿಗೂ ಕೊಲ್ಹಾಪುರ ಜಿಲ್ಲೆಯಲ್ಲಿ ಪ್ರಶ್ನೆಪತ್ರಿಕೆ ಕೊಡಿಸುತ್ತೇವೆ ಅಂದ ಜಾಲವೊಂದು ಪೊಲೀಸರ ಬಲೆಗೆ ಬಿತ್ತು. ನಾಗಪುರದಲ್ಲಿ ಇಲ್ಲದ ಶಿಕ್ಷಕರ ಹೆಸರಿನಲ್ಲಿ ಶಾಲಾರ್ಥ್ ಐಡಿ (ಸಂಬಳ ಪಡೆಯಲು ಬೇಕಾದ ಗುರುತು ಸಂಖ್ಯೆ) ಸೃಷ್ಟಿಸಿ ಸಂಬಳ ನುಂಗಿದ ಪ್ರಕರಣ 2025ರಲ್ಲಿ ಹೊರಬಂತು, ಶಿಕ್ಷಣ ಇಲಾಖೆಯ ಅಧಿಕಾರಿಗಳೇ ಜೈಲು ಸೇರಿದರು. ಅಂದರೆ ಇಲ್ಲದ ಮೇಷ್ಟ್ರಿಗೆ ತಿಂಗಳು ತಿಂಗಳು ಸಂಬಳ ಹೋಗುತ್ತಿತ್ತು, ಇರುವ ಮೇಷ್ಟ್ರು ಆಜಾದ್ ಮೈದಾನದಲ್ಲಿ ಕೂತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಇಲ್ಲಿ ನಮ್ಮ ಕನ್ನಡ ಓದುಗರು ಒಳಗೊಳಗೇ ಖುಷಿಪಡುವ ಮುಂಚೆ ಒಂದು ಮಾತು. ಕರ್ನಾಟಕವೇನು ಸಾಚಾ ಅಲ್ಲ. ಅಲ್ಲಿ ವರ್ಷಾ ವರ್ಷ ನಲವತ್ತು ಸಾವಿರಕ್ಕೂ ಜಾಸ್ತಿ ಅತಿಥಿ ಶಿಕ್ಷಕರ ಮೇಲೆ ಸರ್ಕಾರಿ ಶಾಲೆಗಳು ನಡೆಯುತ್ತಿವೆ. ಹತ್ತು ಸಾವಿರ ಇದ್ದ ಗೌರವಧನಕ್ಕೆ 2025-26ರ ಬಜೆಟ್‌ನಲ್ಲಿ 2,000 ಸೇರಿಸಿ ದೊಡ್ಡ ಉಪಕಾರ ಅನ್ನುವ ಹಾಗೆ ಹೇಳಿಕೊಂಡರು. 2025ರಲ್ಲಿ ಜಾತಿ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದು ಶಿಕ್ಷಕರನ್ನು ಬೀದಿಗಿಳಿಸಿದರು. ಬೇರೆ ಪಕ್ಷ, ಬೇರೆ ಭಾಷೆ, ಶಿಕ್ಷಕರ ವಿಷಯಕ್ಕೆ ಬಂದರೆ ಇಬ್ಬರೂ ಒಂದೇ. ಜತ್ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದರು ಅಂತ ಬೆಂಗಳೂರಿನಲ್ಲಿ ಕೂಗೆದ್ದಿತು. ಸರಿಯಾದ ಕೂಗೇ. ಖಾನಾಪುರದ ಮರಾಠಿ ಶಾಲೆಯಲ್ಲಿ ಮರಾಠಿ ಶಿಕ್ಷಕರ ಹುದ್ದೆ ಖಾಲಿ ಬಿದ್ದರೂ ಅಷ್ಟೇ ಜೋರಾಗಿ ಕೂಗಬೇಕು. ಎರಡೂ ಕಡೆ ಬೆಂಚಿನ ಮೇಲಿರುವುದು ಮಕ್ಕಳೇ.

ಮುಂಬೈಯ ನಮ್ಮ ಸಂಘ ಸಂಸ್ಥೆಗಳಿಗೂ ಹೇಳುವುದಿದೆ. ಈ ಊರಿನ ಕನ್ನಡದ ಬೆನ್ನೆಲುಬು ಸಭಾಗೃಹಗಳಷ್ಟೇ ಅಲ್ಲ, ಶಾಲೆಗಳು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡಿ ಓದಿದವರು ಮುಂದೆ ಹೋಟೆಲ್ ಮಾಲೀಕರಾದರು, ವಕೀಲರಾದರು, ಬ್ಯಾಂಕ್ ಮ್ಯಾನೇಜರ್‌ಗಳಾದರು. ಆ ರಾತ್ರಿ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದವರು ಹೆಚ್ಚಾಗಿ ಹಗಲು ಶಾಲೆಯ ಮೇಷ್ಟ್ರುಗಳೇ. 2017ರ ಮೇ 17ರ ಜಿಆರ್ ಅಂಥ ಎರಡು ಕಡೆಯ ಸೇವೆಯನ್ನು ನಿಲ್ಲಿಸಿದಾಗ ನಮ್ಮ ವೇದಿಕೆಗಳ ಮೇಲೆ ಅದರ ಬಗ್ಗೆ ಎಷ್ಟು ಮಾತು ಕೇಳಿಬಂತು? ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಮಂತ್ರಿ ಬರುತ್ತಾರೆ, ಮೈಸೂರು ಪೇಟ ತೊಡಿಸುತ್ತೇವೆ, ಹೊರನಾಡ ಕನ್ನಡಿಗರ ಅಭಿಮಾನ ದೊಡ್ಡದು ಅಂತ ಅವರು ಹೇಳುತ್ತಾರೆ, ಊಟ ಮಾಡಿ ವಿಮಾನ ಹತ್ತುತ್ತಾರೆ. ಅವರನ್ನು ಕನ್ನಡ ಶಾಲೆಯೊಂದಕ್ಕೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಕೂರಿಸಿ ನೋಡಿ. ಪೇಟ ಆಮೇಲೆ ತೊಡಿಸಬಹುದು.

ಈಗ ಕೇಳಬೇಕಾದ್ದನ್ನು ಕೇಳಿ ಮುಗಿಸುತ್ತೇನೆ. ನಗರಸೇವಕರೇ, ಪಾಲಿಕೆಗೆ 2022ರ ಮಾರ್ಚ್‌ನಿಂದ ಆಡಳಿತಾಧಿಕಾರಿಯೇ ಗತಿಯಾಗಿತ್ತು. ಪ್ರಶ್ನೆ ಕೇಳಲು ಸದನವೇ ಇರಲಿಲ್ಲ. ಈಗ ಇದೆ. ನಿಮ್ಮ ವಾರ್ಡಿನ ಪ್ರತಿ ಪಾಲಿಕೆ ಶಾಲೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಕಳೆದ ಶಾಲಾ ವರ್ಷದಲ್ಲಿ ಶಿಕ್ಷಕರು ಎಷ್ಟು ದಿನ ಶಾಲೆಯ ಹೊರಗಿನ ಡ್ಯೂಟಿಯಲ್ಲಿದ್ದರು, ಇಷ್ಟನ್ನು ಮಾಧ್ಯಮವಾರು ಕೇಳಿ ಪಡೆಯಿರಿ. ಶಾಲೆಯ ಗೇಟಿನ ಮೇಲೆ ನಿಮ್ಮ ಫೋಟೊ ಇರುವ ಬ್ಯಾನರ್ ಪಕ್ಕದಲ್ಲೇ ಆ ಅಂಕಿಗಳನ್ನೂ ಬರೆಸಿ. ಶೇ. 10ಕ್ಕಿಂತ ಜಾಸ್ತಿ ಖಾಲಿ ಇರುವ ಶಾಲೆ ಸಿಕ್ಕರೆ ಅದು ಕಾನೂನು ಮುರಿದ ಶಾಲೆ. ಮುರಿದದ್ದು ಮೇಷ್ಟ್ರಲ್ಲ.

ಸಚಿವರೇ, ನಿಮ್ಮಿಂದ ಆಗಬೇಕಾದದ್ದು ಇನ್ನೂ ಇದೆ. ಜನಗಣತಿಯಲ್ಲಿ ಕೆಲಸ ಮಾಡುವ ಶಿಕ್ಷಕರಿಗೆ ಟಿಇಟಿಗೆ ಓದಲು ರಜೆ ಕೊಡಿ, ಗಡುವಿನೊಳಗೆ ಪರೀಕ್ಷೆಯನ್ನು ವರ್ಷಕ್ಕೊಂದು ಸಲಕ್ಕಿಂತ ಜಾಸ್ತಿ ನಡೆಸಿ. ಹಳೇ ಶಿಕ್ಷಕರಿಗೆ ರಿಯಾಯಿತಿ ಬೇಕಾದರೆ ಕಾಯ್ದೆಗೇ ತಿದ್ದುಪಡಿ ಬೇಕು, ಅದು ಆಗುವುದು ದೆಹಲಿಯಲ್ಲಿ. ಅಲ್ಲಿಗೆ ಪತ್ರ ಬರೆಯಿರಿ, ಬರೆದ ಪತ್ರವನ್ನು ನಮಗೂ ತೋರಿಸಿ. ಆಧಾರ್ ತಾಳೆಯಾಗದ ಮಗುವನ್ನು ಮುಖ್ಯೋಪಾಧ್ಯಾಯರ ಹಾಜರಿ ಪುಸ್ತಕದ ಆಧಾರದ ಮೇಲೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಅನುಮಾನ ಬಂದರೆ ಅಧಿಕಾರಿಯನ್ನು ಶಾಲೆಗೆ ಕಳಿಸಿ ತಲೆ ಎಣಿಸಲಿ. ಕಾರ್ಡು ತಿದ್ದುವ ಯಂತ್ರವನ್ನು ಶಾಲೆಗೇ, ಭಾನುವಾರವೇ ಕಳಿಸಿ. ಅಪ್ಪನಿಗೆ ರಜೆ ಇರುವುದು ಅವತ್ತೇ. 2024ರ ಮಾರ್ಚ್ ಜಿಆರ್ ಅನ್ನು ಭಾಷಾ ಅಲ್ಪಸಂಖ್ಯಾತ ಮಾಧ್ಯಮದ ಶಾಲೆಗಳಿಗೆ ಅನ್ವಯಿಸಬೇಡಿ. ಒಂದು ಕನ್ನಡ ಶಾಲೆ ಮುಚ್ಚಿದರೆ ಪಕ್ಕದ ಕನ್ನಡ ಶಾಲೆ ಎರಡು ಲೋಕಲ್ ಬದಲಿಸುವಷ್ಟು ದೂರ ಇರುತ್ತದೆ. ಏಳು ವರ್ಷದ ಮಗು ಅಲ್ಲಿಗೆ ಹೋಗುವುದಿಲ್ಲ, ಶಾಲೆಯನ್ನೇ ಬಿಡುತ್ತದೆ.

ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಇಷ್ಟರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ತಿಳಿಸಿ. ಆಗುವುದಿಲ್ಲ ಅನ್ನುವುದಾದರೆ ಯಾಕೆ ಅಂತಲೂ ಬರೆಯಿರಿ. ನಾನು ಆ ಉತ್ತರವನ್ನು ಕನ್ನಡಕ್ಕೆ ಮಾಡಿ ಪಾಲಕರಿಗೆಲ್ಲ ಹಂಚುತ್ತೇನೆ.

ಇಂತಿ,
ಪಾಲಿಕೆ ಕನ್ನಡ ಶಾಲೆಯ ಒಬ್ಬ ಹಳೇ ವಿದ್ಯಾರ್ಥಿ
ಭಾಂಡುಪ್, ಮುಂಬೈ